ಅದು ಸಿಡಿಲಲ್ಲ, ನ್ಯೂಟ್ರಲ್: ಕ್ಯಾಂಪರ್ ವ್ಯಾನಿಗೆ ಹೋಂಸ್ಟೇ ಕರೆಂಟು ಕೊಡುವ ಮೊದಲು

ಪ್ರಶ್ನೆ: ನಾವು ಶಿರಸಿಯವರು. ಹಳೆಯ ಫೋರ್ಸ್ ಟ್ರಾವೆಲರ್ ಒಂದನ್ನು ಕ್ಯಾಂಪರ್ ವ್ಯಾನ್ ಮಾಡಿಸಿಕೊಂಡಿದ್ದೇವೆ. 12 ವೋಲ್ಟಿನ 200 ಎಎಚ್ ಲಿಥಿಯಂ ಬ್ಯಾಟರಿ, ಇನ್ವರ್ಟರ್, ಚಿಕ್ಕ ಫ್ರಿಜ್, ಒಂದು ಟನ್ ಎಸಿ ಇದೆ. ರಜೆಯಲ್ಲಿ ಗೋಕರ್ಣ, ಹೊನ್ನಾವರ, ಮುರುಡೇಶ್ವರದ ಕಡೆ ಹೋಂಸ್ಟೇ ಅಂಗಳದಲ್ಲಿ ಗಾಡಿ ನಿಲ್ಲಿಸಿ ಅವರ ಪ್ಲಗ್ಗಿನಿಂದಲೇ ಕರೆಂಟು ತೆಗೆದುಕೊಳ್ಳುತ್ತೇವೆ. ಕಳೆದ ಸಲ ಗೋಕರ್ಣದ ಹತ್ತಿರ, ಸಂಜೆ ಏಳೂವರೆ ಹೊತ್ತಿಗೆ, ಹೋಂಸ್ಟೇ ಜಗಲಿಯ ಫ್ಯಾನು ಇದ್ದಕ್ಕಿದ್ದಂತೆ ಜೋರಾಗಿ ತಿರುಗಿತು, ಒಳಗಿನ ಕೋಣೆಯ ದೀಪ ಡಿಮ್ ಆಯಿತು. ಅಷ್ಟರಲ್ಲಿ ವ್ಯಾನಿನೊಳಗೆ ಟಪ್ ಎಂದು ಸದ್ದಾಗಿ ಸುಟ್ಟ ವಾಸನೆ ಬಂತು. ಬ್ಯಾಟರಿ ಚಾರ್ಜರ್, ಫ್ರಿಜ್ಜಿನ ಅಡಾಪ್ಟರ್ ಎರಡೂ ಹೋದವು. ಸರ್ಜ್ ಪ್ರೊಟೆಕ್ಷನ್ ಇರುವ ಸ್ಪೈಕ್ ಬಸ್ಟರ್ ಹಾಕಿದ್ದೆವು, ಅದೂ ಕಪ್ಪಾಗಿದೆ. ಎಲ್ಲೋ ಸಿಡಿಲು ಬಡಿದಿರಬೇಕು ಎಂದರು ಮನೆಯವರು. ಆಕಾಶದಲ್ಲಿ ಮೋಡವೇ ಇರಲಿಲ್ಲ. ಅಮೆರಿಕದಲ್ಲಿ ಆರ್‌ವಿಗಳಿಗೆ (ಮನೆಯಂತೆ ಬಳಸುವ ವಾಹನಗಳಿಗೆ) ಹಾಕುವ ಸರ್ಜ್ ಪ್ರೊಟೆಕ್ಟರ್ ತರಿಸಿದರೆ ಸಾಕೇ? ಸ್ಟೆಬಿಲೈಸರ್ ಬೇಕೇ? ಗಾಡಿ ಪಕ್ಕ ಅರ್ಥ್ ರಾಡ್ ಹೊಡೆಯಬೇಕೇ? ಉಳಿದ ಸಾಮಾನುಗಳನ್ನು ಈಗ ಬಳಸಬಹುದೇ?

ಉತ್ತರ: ಅದು ಸಿಡಿಲಲ್ಲ. ಸಿಡಿಲಿನಿಂದ ಬರುವ ಸರ್ಜ್, ಅಂದರೆ ವೋಲ್ಟೇಜಿನ ದಿಢೀರ್ ಏರಿಕೆ, ಮೈಕ್ರೋಸೆಕೆಂಡುಗಳಲ್ಲಿ ಬಂದು ಹೋಗುತ್ತದೆ; ಅಷ್ಟರಲ್ಲಿ ಫ್ಯಾನಿಗೆ ವೇಗ ಹೆಚ್ಚಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಒಂದೇ ಮನೆಯಲ್ಲಿ, ಒಂದೇ ಗಳಿಗೆಯಲ್ಲಿ, ಒಂದು ಕಡೆ ಫ್ಯಾನು ಜೋರಾಗಿ ಇನ್ನೊಂದು ಕಡೆ ದೀಪ ಮಂಕಾಯಿತು ಎಂದರೆ ಯಾವ ಅನುಭವಿ ಲೈನ್‌ಮನ್‌ನನ್ನು ಕೇಳಿದರೂ ಒಂದೇ ಉತ್ತರ ಬರುತ್ತದೆ: ನ್ಯೂಟ್ರಲ್ ಹೋಗಿದೆ, ಅಂದರೆ ಕರೆಂಟು ವಾಪಸಾಗುವ ತಂತಿ ಎಲ್ಲೋ ಬಿಟ್ಟುಕೊಂಡಿದೆ. ನಿಮ್ಮ ಪ್ರಶ್ನೆಯನ್ನು ಆರಿಸಿಕೊಂಡದ್ದಕ್ಕೆ ಇದೇ ಕಾರಣ. ನಮ್ಮ ಕರಾವಳಿಯಲ್ಲಿ ಸರ್ಜ್ ಎಂಬ ಹೆಸರಿನಲ್ಲಿ ಸುಡುವ ಸಾಮಾನುಗಳಲ್ಲಿ ದೊಡ್ಡ ಪಾಲು ನ್ಯೂಟ್ರಲ್ ತಪ್ಪಿದ್ದರಿಂದ ಸುಡುವಂಥದ್ದು. ಜನ ಮಾತ್ರ ಸಿಡಿಲಿಗೆ ಔಷಧ ಕೊಳ್ಳುತ್ತಾರೆ.

ಸ್ವಲ್ಪ ಲೆಕ್ಕ ಮಾಡೋಣ. ಟಿಸಿಯಿಂದ (ಬೀದಿಯ ಟ್ರಾನ್ಸ್‌ಫಾರ್ಮರಿನಿಂದ) ಹೊರಡುವುದು ಕರೆಂಟು ತರುವ ಮೂರು ಫೇಸು ತಂತಿ, ಒಂದು ನ್ಯೂಟ್ರಲ್. ಯಾವ ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 230 ವೋಲ್ಟ್, ಎರಡು ಫೇಸುಗಳ ನಡುವೆ ಸುಮಾರು 400. ಹೋಂಸ್ಟೇಗಳಲ್ಲಿ ಗೀಸರು, ಎಸಿ, ಪಂಪು ಇರುವುದರಿಂದ ಸಾಮಾನ್ಯವಾಗಿ ತ್ರೀ ಫೇಸ್ ಕನೆಕ್ಷನ್ ಇರುತ್ತದೆ. ಒಂದೊಂದು ಫೇಸಿಗೆ ಒಂದಷ್ಟು ಕೋಣೆಗಳನ್ನು ಹಂಚಿರುತ್ತಾರೆ. ನ್ಯೂಟ್ರಲ್ ಗಟ್ಟಿಯಾಗಿರುವವರೆಗೆ ಪ್ರತಿ ಕೋಣೆಗೂ 230. ಅದು ಬಿಟ್ಟುಕೊಂಡ ಕ್ಷಣದಿಂದ ಒಂದು ಫೇಸಿನ ಸಾಮಾನೂ ಇನ್ನೊಂದು ಫೇಸಿನ ಸಾಮಾನೂ ಸರಣಿಯಲ್ಲಿ ಸೇರಿಕೊಂಡು 400 ವೋಲ್ಟನ್ನು ತಮ್ಮೊಳಗೆ ಹಂಚಿಕೊಳ್ಳುತ್ತವೆ. ಹಂಚಿಕೆ ನ್ಯಾಯವಾಗಿರುವುದಿಲ್ಲ: ಕಡಿಮೆ ಲೋಡು ಇರುವವನಿಗೆ ಹೆಚ್ಚು ವೋಲ್ಟ್.

ನಿಮ್ಮ ಸಂಜೆಗೇ ಅನ್ವಯಿಸಿ ನೋಡಿ. ಯಾರೋ ಸ್ನಾನಕ್ಕೆಂದು 2000 ವ್ಯಾಟಿನ ಗೀಸರು ಹಾಕಿದ್ದಾರೆ. ನಿಮ್ಮ ಫೇಸಿನಲ್ಲಿ ಆ ಹೊತ್ತಿಗೆ ಜಗಲಿಯ ಫ್ಯಾನು, ನಿಮ್ಮ ಚಾರ್ಜರು, ಫ್ರಿಜ್ಜು ಎಲ್ಲ ಸೇರಿ 200 ವ್ಯಾಟ್ ಎಂದುಕೊಳ್ಳಿ. ಗೀಸರಿನ ರೆಸಿಸ್ಟೆನ್ಸ್ ಸುಮಾರು 26 ಓಮ್, ನಿಮ್ಮ ಕಡೆಯದು ಅದರ ಹತ್ತರಷ್ಟು, ಸುಮಾರು 264 ಓಮ್. 400 ವೋಲ್ಟಿನಲ್ಲಿ ಗೀಸರಿಗೆ ಸಿಕ್ಕಿದ್ದು 36, ನಿಮ್ಮ ಪಾಲಿಗೆ ಬಂದದ್ದು ಸುಮಾರು 360. ಗೀಸರು ಇರುವ ಫೇಸಿನ ದೀಪ ಮಂಕಾಯಿತು, ನಿಮ್ಮ ಫೇಸಿನ ಫ್ಯಾನು ಓಡಿತು. ಆ ದಿನ ಸ್ನಾನದ ನೀರು ಕಾದಿರಲಿಕ್ಕಿಲ್ಲ, ಮನೆಯವರನ್ನು ಕೇಳಿ ನೋಡಿ. ನಿಜವಾದ ಲೋಡುಗಳು ಇಷ್ಟು ಸರಳವಾಗಿರುವುದಿಲ್ಲ, ಆದರೆ ಅಂದಾಜು ಇದೇ. ಮತ್ತು ಇದು ಮೈಕ್ರೋಸೆಕೆಂಡಿನ ಮಾತಲ್ಲ. ಯಾರಾದರೂ ಮೇನ್ ಆಫ್ ಮಾಡುವವರೆಗೆ ನಿಮಿಷಗಟ್ಟಲೆ, ಕೆಲವೊಮ್ಮೆ ಗಂಟೆಗಟ್ಟಲೆ ಇರುತ್ತದೆ.

ಈಗ ಸ್ಪೈಕ್ ಬಸ್ಟರ್ ಯಾಕೆ ಕೈಕೊಟ್ಟಿತು ಎಂಬುದು. ಅದರ ಹಿಂಬದಿಯ ಸ್ಕ್ರೂ ಬಿಚ್ಚಿ ನೋಡಿ, ಪ್ಲಗ್ಗಿನಿಂದ ಕಿತ್ತ ಮೇಲೆ. ಒಳಗೆ ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾದ, ನೀಲಿ ಅಥವಾ ಹಳದಿ ಬಣ್ಣದ ಚಪ್ಪಟೆ ಬಿಲ್ಲೆ ಒಂದು ಎರಡು ಇರುತ್ತವೆ. ಅದೇ ಎಂಒವಿ. ನಿಮ್ಮದರಲ್ಲಿ ಬಿಲ್ಲೆ ಸೀಳಿ ಬೂದಿ ಬಣ್ಣದ ಒಳಭಾಗ ಕಾಣುತ್ತಿರಬೇಕು, ಮೇಲಿನ ಪ್ಲಾಸ್ಟಿಕ್ಕಿಗೆ ಮಸಿ ಹತ್ತಿರಬೇಕು. ಇದರ ಮೇಲೆ ಸಾಮಾನ್ಯವಾಗಿ 275 ವೋಲ್ಟ್ ಎಂಬ ಮಿತಿ ಇರುತ್ತದೆ. ಅದರ ಕೆಳಗೆ ಅದು ಸುಮ್ಮನಿರುತ್ತದೆ. ಸಾವಿರಾರು ವೋಲ್ಟಿನ ಕ್ಷಣಿಕ ಹೊಡೆತ ಬಂದರೆ ತಾನು ದಾರಿ ಕೊಟ್ಟು ಹೊಡೆತವನ್ನು ಕುಗ್ಗಿಸುತ್ತದೆ. ಆದರೆ 360 ವೋಲ್ಟ್ ಬಂದು ಅಲ್ಲೇ ನಿಂತುಬಿಟ್ಟರೆ, ಸೆಕೆಂಡಿಗೆ ನೂರು ಸಲ, ಪ್ರತಿ ಅರ್ಧ ಅಲೆಯಲ್ಲೂ ಅದು ದಾರಿ ಕೊಡುತ್ತಲೇ ಹೋಗಿ, ಕಾದು, ಸಿಡಿಯುತ್ತದೆ. ಅಂದರೆ ನಿಮ್ಮ ಸ್ಪೈಕ್ ಬಸ್ಟರ್ ಕಳಪೆ ಮಾಲು ಎಂದೇನೂ ಅಲ್ಲ. ಅದು ಈ ಕೆಲಸಕ್ಕೆ ಹುಟ್ಟಿದ್ದೇ ಅಲ್ಲ. ಎಷ್ಟೇ ಜೂಲ್ (ಹೊಡೆತ ತಾಳುವ ಶಕ್ತಿಯ ಅಳತೆ) ಬರೆದಿರುವ ದುಬಾರಿ ಪಟ್ಟಿ ತಂದರೂ ಇದೇ ಗತಿ.

ನ್ಯೂಟ್ರಲ್ ಯಾಕೆ ಬಿಡುತ್ತದೆ? ಕಾರವಾರದಿಂದ ಭಟ್ಕಳದವರೆಗೆ ಕಡಲಿನ ಗಾಳಿಗೆ ಉಪ್ಪು ಇದ್ದೇ ಇದೆ. ಕಂಬದಿಂದ ಬರುವ ಸರ್ವಿಸ್ ವೈರು ಅಲ್ಯೂಮಿನಿಯಂ, ಮನೆಯೊಳಗಿನದು ತಾಮ್ರ. ಎರಡೂ ಸೇರುವ ಜಾಗಕ್ಕೆ ಉಪ್ಪು ಮತ್ತು ತೇವ ಸಿಕ್ಕರೆ ಅಲ್ಯೂಮಿನಿಯಂ ಸವೆಯುತ್ತ ಹೋಗುತ್ತದೆ. ಹಳೆಯ ಮೀಟರ್ ಬೋರ್ಡು ತೆಗೆದರೆ ನ್ಯೂಟ್ರಲ್ ಲಿಂಕಿನ ಸ್ಕ್ರೂ ಸುತ್ತ ಬಿಳಿ ಹಿಟ್ಟು, ತಾಮ್ರದ ತುದಿಗೆ ಹಸಿರು ಪಾಚಿಯಂಥ ಪದರ, ಕಪ್ಪಿರಬೇಕಾದ ಇನ್ಸುಲೇಷನ್ ಕಾದು ಕಂದು ಬಣ್ಣಕ್ಕೆ ತಿರುಗಿರುವುದು, ಇವೆಲ್ಲ ಕಡಲ ದಂಡೆಯ ಮನೆಗಳಲ್ಲಿ ನಾನು ಮತ್ತೆ ಮತ್ತೆ ನೋಡುವ ದೃಶ್ಯ. ಫೇಸಿನ ಜಾಯಿಂಟು ಹೀಗಾದರೆ ಕರೆಂಟು ಹೋಗುತ್ತದೆ, ತಕ್ಷಣ ಗೊತ್ತಾಗುತ್ತದೆ, ರಿಪೇರಿಯಾಗುತ್ತದೆ. ನ್ಯೂಟ್ರಲ್ಲಿನದು ಹೀಗಾದರೆ ತಿಂಗಳುಗಟ್ಟಲೆ ಸಣ್ಣಗೆ ಮಿಣುಕಿ, ಲೋಡು ಹೆಚ್ಚಾದ ಒಂದು ಸಂಜೆ ಪೂರ್ತಿ ಬಿಡುತ್ತದೆ.

ಆ ಹೋಂಸ್ಟೇಯವರಿಗೆ ಇವತ್ತೇ ಫೋನ್ ಮಾಡಿ. ಅಕ್ಕಪಕ್ಕದ ಮನೆಗಳಲ್ಲೂ ಟಿವಿ, ಫ್ರಿಜ್ಜು ಸುಟ್ಟಿವೆಯೇ ಕೇಳಿ. ಸುಟ್ಟಿದ್ದರೆ ದೋಷ ಕಂಬದಲ್ಲೋ ಟಿಸಿಯಲ್ಲೋ ಇದೆ. 1912ಕ್ಕೆ ಕರೆ ಮಾಡಿ ‘ಕರೆಂಟು ಸರಿಯಿಲ್ಲ’ ಎನ್ನುವ ಬದಲು ‘ನ್ಯೂಟ್ರಲ್ ಕಟ್ಟಾಗಿದೆ’ ಎಂದೇ ಹೇಳಲಿ, ಹೆಸ್ಕಾಂನವರಿಗೆ ಅದರ ತುರ್ತು ಅರ್ಥವಾಗುತ್ತದೆ. ಅವರ ಮನೆಯಲ್ಲಷ್ಟೇ ಆಗಿದ್ದರೆ ಸರ್ವಿಸ್ ವೈರಿನಿಂದ ಮೀಟರ್ ಬೋರ್ಡಿನವರೆಗಿನ ನ್ಯೂಟ್ರಲ್ ಜಾಯಿಂಟುಗಳನ್ನೆಲ್ಲ ನೋಡಿಸಬೇಕು. ಇದು ನಿಮ್ಮ ಚಾರ್ಜರಿನ ವಿಷಯ ಮಾತ್ರ ಅಲ್ಲ. ಆ ಮನೆಯಲ್ಲಿ ಮಕ್ಕಳು, ಮುದುಕರು, ಅತಿಥಿಗಳು ಇರುತ್ತಾರೆ.

ಇನ್ನು ವ್ಯಾನಿನ ಮಾತು. ಏನು ಕೊಳ್ಳಬೇಕು ಎನ್ನುವ ಮೊದಲು ಒಂದು ವಿಷಯ ಮನದಟ್ಟಾಗಲಿ: ಮನೆಗೆ ಇಲ್ಲದ ಅನುಕೂಲ ನಿಮ್ಮ ಗಾಡಿಗಿದೆ. ನಿಮಗೆ ಹೊರಗಿನ ಕರೆಂಟು ಹಗಲೂ ರಾತ್ರಿ ಬೇಕಾಗಿಯೇ ಇಲ್ಲ. 200 ಎಎಚ್ ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 2.5 ಯೂನಿಟ್ ಇರುತ್ತದೆ. ದೀಪ, ಫ್ಯಾನು, ಫೋನು, ಪಂಪು, ಚಿಕ್ಕ ಫ್ರಿಜ್ಜು ಇಷ್ಟಕ್ಕೆ ಒಂದು ದಿನ ಆರಾಮವಾಗಿ ಸಾಕು. ಆದ್ದರಿಂದ ನನ್ನ ಖಚಿತ ಸಲಹೆ ಏನೆಂದರೆ, ಹೊರಗಿನ ಕರೆಂಟಿಗೆ ವ್ಯಾನಿನಲ್ಲಿ ಒಂದೇ ಬಾಗಿಲು ಇರಲಿ, ಅದು ಬ್ಯಾಟರಿ ಚಾರ್ಜರು. ಫ್ರಿಜ್ಜಿನ ಅಡಾಪ್ಟರು, ಲ್ಯಾಪ್‌ಟಾಪು, ಟಿವಿ ಎಲ್ಲ ಬ್ಯಾಟರಿಯಿಂದ ಅಥವಾ ಇನ್ವರ್ಟರಿನಿಂದ ನಡೆಯಲಿ. ಹೊರಗೆ ಏನೇ ಆದರೂ ಹೋಗುವುದು ಒಂದು ಚಾರ್ಜರು ಮಾತ್ರ. ನಿಮ್ಮ ಚಿಕ್ಕ ಫ್ರಿಜ್ಜು ಅಡಾಪ್ಟರಿನಲ್ಲಿ ಓಡುತ್ತದೆ ಎಂದ ಮೇಲೆ ಅದಕ್ಕೆ ನೇರ 12 ವೋಲ್ಟಿನ ಕನೆಕ್ಷನ್ನೂ ಇರಬಹುದು, ನೋಡಿ. ಇದ್ದರೆ ಆ ಅಡಾಪ್ಟರ್ ಮತ್ತೆ ಕೊಳ್ಳಲೇ ಬೇಡಿ.

ಇಲ್ಲಿ ಒಂದು ಎಚ್ಚರಿಕೆ. ಇನ್ವರ್ಟರೂ ಚಾರ್ಜರೂ ಒಂದೇ ಡಬ್ಬಿಯಲ್ಲಿರುವ ಮಾದರಿಗಳು ಹೊರಗಿನ ಕರೆಂಟು ಸಿಕ್ಕ ಕೂಡಲೇ ಅದನ್ನೇ ನೇರವಾಗಿ ನಿಮ್ಮ ಸಾಕೆಟ್ಟುಗಳಿಗೆ ದಾಟಿಸುತ್ತವೆ. ಬ್ಯಾಟರಿಯಿಂದ ಓಡುತ್ತಿದೆ ಎಂದು ನೀವು ನಂಬಿರುತ್ತೀರಿ, ಓಡುತ್ತಿರುವುದು ಹೋಂಸ್ಟೇ ಕರೆಂಟಿನಲ್ಲಿ. ನಿಮ್ಮದು ಆ ಬಗೆಯದೇ ಎಂದು ವ್ಯಾನ್ ಕಟ್ಟಿಕೊಟ್ಟವರನ್ನು ಕೇಳಿ.

ಎಸಿ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಒಂದು ಟನ್ ಎಸಿ ಸುಮಾರು 1000 ವ್ಯಾಟ್ ಎಳೆದರೆ ಬ್ಯಾಟರಿ ಎರಡು ಎರಡೂವರೆ ಗಂಟೆಯಲ್ಲಿ ಖಾಲಿ. ಕರಾವಳಿಯ ಏಪ್ರಿಲ್ ಸೆಕೆಯಲ್ಲಿ ಎಸಿ ಬೇಡ ಎಂದು ಹೇಳುವ ಧೈರ್ಯ ನನಗಿಲ್ಲ, ಹಾಗಾಗಿ ಹೊರಗಿನ ಕರೆಂಟು ಬಳಸುವ ದಾರಿಯನ್ನೂ ಭದ್ರ ಮಾಡಿಕೊಳ್ಳೋಣ.

ಮುಖ್ಯ ಸಾಧನ ವೋಲ್ಟೇಜ್ ಪ್ರೊಟೆಕ್ಷನ್ ರಿಲೇ. ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್ ಎಂದು ಕೇಳಿದರೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು) ಪಕ್ಕದಲ್ಲೇ ಪಟ್ಟಿಯ ಮೇಲೆ ಕೂರುವ, ವೋಲ್ಟೇಜ್ ತೋರಿಸುವ ಚಿಕ್ಕ ಡಬ್ಬಿ. ನಿಗದಿ ಮಾಡಿದ ಮಿತಿ ದಾಟಿದ ಕೂಡಲೇ ಗಾಡಿಯ ಸಂಪರ್ಕ ಕಡಿಯುತ್ತದೆ, ವೋಲ್ಟೇಜ್ ಸರಿಯಾಗಿ ಒಂದಷ್ಟು ಹೊತ್ತು ನಿಂತ ಮೇಲೆ ಮತ್ತೆ ಕೊಡುತ್ತದೆ. ಮೇಲಿನ ಮಿತಿ 265, ಕೆಳಗಿನದು 180, ಮತ್ತೆ ಕೊಡುವ ವಿಳಂಬ 180 ಸೆಕೆಂಡ್ ಇಡಿ. ಆ ಮೂರು ನಿಮಿಷ ಎಸಿ ಕಂಪ್ರೆಸರಿಗಾಗಿ. ನಿಂತ ಕಂಪ್ರೆಸರನ್ನು ಒಳಗಿನ ಒತ್ತಡ ಇಳಿಯುವ ಮೊದಲೇ ಎಬ್ಬಿಸಿದರೆ ಅದು ತಿರುಗಲಾಗದೆ ಬಿಸಿಯೇರುತ್ತದೆ. ಮೇಲಿನ ಮಿತಿಗೆ ಕಡಿಯುವ ಸಮಯ ಆದಷ್ಟು ಕಡಿಮೆ ಇರಲಿ, ಸೆಕೆಂಡಿನ ಹತ್ತನೇ ಒಂದು ಭಾಗ ಸಿಕ್ಕರೆ ಒಳ್ಳೆಯದು. ಕೊಳ್ಳುವಾಗ ನೋಡಬೇಕಾದ ಮೊದಲ ಸಂಗತಿ ಬೇರೆಯೇ ಇದೆ: 400 ವೋಲ್ಟ್ ತನ್ನ ಮೇಲೇ ಬಂದು ನಿಂತರೆ ಆ ರಿಲೇ ತಡೆದುಕೊಳ್ಳುತ್ತದೆಯೇ? ಡೇಟಾ ಶೀಟಿನಲ್ಲಿ 400ಕ್ಕಿಂತ ಮೇಲಿನ ಅಂಕಿ ಸ್ಪಷ್ಟವಾಗಿ ಬರೆದಿರಬೇಕು. 300ಕ್ಕೆ ನಿಲ್ಲುವ ಅಗ್ಗದ ಮಾದರಿಗಳು ಕಾಪಾಡಬೇಕಾದ ಗಳಿಗೆಯಲ್ಲೇ ಸುಟ್ಟು, ಕೆಲವೊಮ್ಮೆ ಸಂಪರ್ಕ ಕಡಿಯದೆಯೇ ಅಂಟಿಕೊಂಡು ಕೂರುತ್ತವೆ.

ಹಾಕಿಸಿದ ಮೇಲೆ ಪರೀಕ್ಷೆ ಮಾಡಿಸಿ. ಮೋಟಾರ್ ರಿವೈಂಡಿಂಗ್ ಅಂಗಡಿಗಳಲ್ಲಿ ವೋಲ್ಟೇಜನ್ನು ಬೇಕಾದಂತೆ ಏರಿಸಿ ಇಳಿಸುವ ವೇರಿಯಾಕ್ ಇರುತ್ತದೆ. ಒಂದು ಬಲ್ಬಿನ ಲೋಡು ಕೊಟ್ಟು, ವೋಲ್ಟೇಜನ್ನು ಮೆಲ್ಲಗೆ 270ಕ್ಕೆ ಏರಿಸಿದಾಗ ರಿಲೇ ಟಕ್ ಎಂದು ಬಿಡುವುದನ್ನು ಕಣ್ಣಾರೆ ನೋಡಿ. ಐದು ನಿಮಿಷದ ಕೆಲಸ, ನನ್ನ ಮಟ್ಟಿಗೆ ಸಾಧನದಷ್ಟೇ ಮುಖ್ಯ.

ಎರಡನೆಯದು ಎಸ್‌ಪಿಡಿ (ಸರ್ಜ್ ಪ್ರೊಟೆಕ್ಷನ್ ಡಿವೈಸ್), ನಿಜವಾದ ಸಿಡಿಲಿನ ಸರ್ಜಿಗೆ. ಟೈಪ್ 2 ತೆಗೆದುಕೊಳ್ಳಿ, ಸ್ಪೈಕ್ ಬಸ್ಟರಿನಲ್ಲಿರುವ ಬಿಲ್ಲೆಯ ದೊಡ್ಡಣ್ಣ ಅದು. ನಿರಂತರ ವೋಲ್ಟೇಜ್ ಮಿತಿ 275ರದ್ದು ಬೇಡ, 385ರದ್ದು ಕೇಳಿ. ನಮ್ಮ ಕಡೆಯ ನ್ಯೂಟ್ರಲ್ ನಂಬಿ 275 ಹಾಕಿದರೆ ನಿಮ್ಮ ಸ್ಪೈಕ್ ಬಸ್ಟರಿನ ಕತೆಯೇ ಮರುಕಳಿಸುತ್ತದೆ. ಅದರ ಪುಟ್ಟ ಕಿಟಕಿ ಹಸಿರಿದ್ದರೆ ಜೀವಂತ, ಕೆಂಪಾದರೆ ಬದಲಿಸಬೇಕು. ಎಲೆಕ್ಟ್ರಿಷಿಯನ್‌ಗಳು ಇಲ್ಲಿ ಸಾಮಾನ್ಯವಾಗಿ ಎಡವುವುದು ವೈರಿನ ಉದ್ದದಲ್ಲಿ. ಸರ್ಜಿನ ವೇಗಕ್ಕೆ ನೆಟ್ಟಗಿನ ವೈರೂ ಅಡ್ಡಿಯೇ. ಒಂದು ಮೀಟರ್ ವೈರಿನಲ್ಲೇ ಸಾವಿರ ವೋಲ್ಟಿನಷ್ಟು ಹೆಚ್ಚುವರಿ ಏರಿಬಿಡಬಹುದು. ಫೇಸಿನಿಂದ ಎಸ್‌ಪಿಡಿಗೆ, ಅಲ್ಲಿಂದ ಅರ್ಥ್ ಬಾರಿಗೆ, ಎರಡೂ ಸೇರಿ ಅರ್ಧ ಮೀಟರ್ ಮೀರಬಾರದು. ಅಂದಕ್ಕೆಂದು ವೈರನ್ನು ಸುರುಳಿ ಸುತ್ತಿ ಬೋರ್ಡಿನೊಳಗೆ ಮಡಚಿಟ್ಟರೆ ಎಸ್‌ಪಿಡಿ ಇದ್ದೂ ಇಲ್ಲದಂತೆ.

ಮೂರನೆಯದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಕರೆಂಟು ನೆಲಕ್ಕೋ ಮೈಗೋ ಸೋರಿದರೆ ತಕ್ಷಣ ಕಡಿಯುವ ಇದು ಸಾಮಾನನ್ನಲ್ಲ, ನಿಮ್ಮನ್ನು ಕಾಯುವುದು. ಒಳಗಿನ ಅನುಕ್ರಮ ಹೀಗಿರಲಿ: ಫೇಸು ನ್ಯೂಟ್ರಲ್ ಎರಡನ್ನೂ ಕಡಿಯುವ ಎಂಸಿಬಿ, ಅದರ ಬೆನ್ನಿಗೆ ಎಸ್‌ಪಿಡಿ, ಆಮೇಲೆ ವೋಲ್ಟೇಜ್ ರಿಲೇ, ಆಮೇಲೆ ಆರ್‌ಸಿಸಿಬಿ. ಅಂಗಳದಲ್ಲಿ ಹಾಸಿರುವ ಕೇಬಲ್ಲನ್ನು ಕಾಯಲು ಪ್ಲಗ್ಗಿನ ತುದಿಯಲ್ಲೂ ಒಂದು ಪೋರ್ಟಬಲ್ ಆರ್‌ಸಿಸಿಬಿ ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಆ ಕೇಬಲ್ಲಿನ ಮೇಲೆ ಸ್ಕೂಟರು ಹತ್ತುತ್ತದೆ, ಮಳೆ ಬೀಳುತ್ತದೆ, ನಾಯಿಮರಿ ಕಚ್ಚುತ್ತದೆ.

ಕೇಬಲ್ಲು 2.5 ಚದರ ಮಿಲಿಮೀಟರಿನ ಮೂರು ಕೋರಿನ ತಾಮ್ರದ ಫ್ಲೆಕ್ಸಿಬಲ್ ಇರಲಿ, 16 ಆಂಪಿಯರಿನ ದೊಡ್ಡ ಸಾಕೆಟ್ಟಿಗೇ ಹಾಕಿ. 25 ಮೀಟರ್ ಕೇಬಲ್ಲಿನಲ್ಲಿ 10 ಆಂಪಿಯರ್ ಎಳೆದರೆ ಇದರಲ್ಲಿ ಕಳೆದುಹೋಗುವುದು ಸುಮಾರು 4 ವೋಲ್ಟ್; ಅಂಗಡಿಯ 1 ಚದರ ಮಿಲಿಮೀಟರಿನ ಎಕ್ಸ್‌ಟೆನ್ಷನ್ನಿನಲ್ಲಾದರೆ 10 ವೋಲ್ಟ್, ಜೊತೆಗೆ 100 ವ್ಯಾಟ್ ಶಾಖ ಕೇಬಲ್ಲಿನೊಳಗೇ. ರೀಲಿನಲ್ಲಿ ಸುತ್ತಿಯೇ ಬಿಟ್ಟರೆ ಆ ಶಾಖಕ್ಕೆ ಕರಗುತ್ತದೆ. ಪೂರ್ತಿ ಬಿಚ್ಚಿ.

ಪ್ಲಗ್ ಹಾಕುವ ಮೊದಲು ಮಲ್ಟಿಮೀಟರು ಹಿಡಿಯಿರಿ. ನಿಯಾನ್ ಟೆಸ್ಟರು ಫೇಸು ಇದೆ ಎಂದಷ್ಟೇ ಹೇಳುತ್ತದೆ, ಉಳಿದ ಯಾವುದನ್ನೂ ಹೇಳುವುದಿಲ್ಲ. ಸಾಕೆಟ್ಟಿನ ದೊಡ್ಡ ತೂತು ಮೇಲೆ ಬರುವಂತೆ ನಿಂತರೆ ಬಲಗಡೆ ಫೇಸು, ಎಡಗಡೆ ನ್ಯೂಟ್ರಲ್ ಇರಬೇಕು. ಫೇಸು-ನ್ಯೂಟ್ರಲ್ ನಡುವೆ 215ರಿಂದ 245, ಫೇಸು-ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಆಮೇಲೆ ಮನೆಯವರಿಂದ ಒಂದು ಎಲೆಕ್ಟ್ರಿಕ್ ಕೆಟಲ್ ಕೇಳಿ, ಅದೇ ಬೋರ್ಡಿನಲ್ಲಿ ಹಾಕಿ ನೀರು ಕಾಯಲು ಬಿಟ್ಟು ಮತ್ತೆ ಅಳೆಯಿರಿ. ವೋಲ್ಟೇಜ್ ಹತ್ತು ಹನ್ನೆರಡಕ್ಕಿಂತ ಹೆಚ್ಚು ಕುಸಿದರೆ ಎಲ್ಲೋ ಜಾಯಿಂಟು ಸಡಿಲವಿದೆ, ಆ ಸಾಕೆಟ್ಟಿನಿಂದ ಎಸಿ ಓಡಿಸಬೇಡಿ. ಯಾರೋ ಬೇರೆ ಕೋಣೆಯಲ್ಲಿ ಗೀಸರು ಹಾಕಿದಾಗ ನಿಮ್ಮ ಮೀಟರಿನ ಅಂಕಿ ಮೇಲಕ್ಕೆ ಹಾರಿದರೆ, ನ್ಯೂಟ್ರಲ್ ಆಗಲೇ ಸಾಯುತ್ತಿದೆ. ಅಲ್ಲಿ ಪ್ಲಗ್ಗೇ ಹಾಕಬೇಡಿ, ಮನೆಯವರಿಗೂ ಹೇಳಿ.

ಈಗ ಅರ್ಥಿಂಗು. ನಿಮ್ಮ ಪತ್ರದಲ್ಲಿ ಒಂದೇ ವಾಕ್ಯದಲ್ಲಿ ಬಂದು ಹೋದರೂ ಪ್ರಾಣಕ್ಕೆ ಸಂಬಂಧಿಸಿದ್ದು ಇದೇ. ವ್ಯಾನು ಕಬ್ಬಿಣದ ಪೆಟ್ಟಿಗೆ, ರಬ್ಬರ್ ಟೈರಿನ ಮೇಲೆ ನಿಂತಿದೆ. ಒಳಗೆ ಎಲ್ಲಾದರೂ ಫೇಸು ಗಾಡಿಯ ಬಾಡಿಯನ್ನು ತಾಗಿ, ಸರಿಯಾದ ಅರ್ಥ್ ಇಲ್ಲದಿದ್ದರೆ, ಇಡೀ ಗಾಡಿ 230 ವೋಲ್ಟಿನಲ್ಲಿ ನಿಂತಿರುತ್ತದೆ. ಒಳಗಿರುವವರಿಗೆ ಏನೂ ಆಗುವುದಿಲ್ಲ. ಸಮುದ್ರದಲ್ಲಿ ಆಡಿ ಬಂದು, ಒದ್ದೆ ಮರಳಿನ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲ ಹಿಡಿಕೆ ಹಿಡಿಯುವ ಮಗುವಿಗೆ ಆಗುತ್ತದೆ.

ಹಳೆಯ ಮನೆಗಳಲ್ಲಿ ಇದಕ್ಕಿಂತ ಕೆಟ್ಟ ಪದ್ಧತಿಯೊಂದಿದೆ. ಅರ್ಥ್ ವೈರು ಎಳೆಯಲು ಸೋಮಾರಿತನ ಮಾಡಿ, ಸಾಕೆಟ್ಟಿನ ಹಿಂದೆ ನ್ಯೂಟ್ರಲ್ಲಿನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರು ಕೊಟ್ಟುಬಿಡುತ್ತಾರೆ. ಟೆಸ್ಟ್ ಮಾಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಮೂರು ದೀಪದ ಪ್ಲಗ್ ಟೆಸ್ಟರೂ ಸರಿ ಎಂದೇ ಹೇಳುತ್ತದೆ. ಆದರೆ ಆ ಮನೆಯ ನ್ಯೂಟ್ರಲ್ ಬಿಟ್ಟ ಕ್ಷಣ, ಮನೆಯ ಸಾಮಾನುಗಳ ಮೂಲಕ ಹಾದು ಬಂದ ವೋಲ್ಟೇಜು ಆ ತುಂಡು ವೈರು ದಾಟಿ ಅರ್ಥ್ ಪಿನ್ನಿನಿಂದ ನೇರ ನಿಮ್ಮ ಗಾಡಿಯ ಲೋಹದ ಮೈಗೆ ಬರುತ್ತದೆ. ಎಂಸಿಬಿ ಆಗಲಿ, ಆರ್‌ಸಿಸಿಬಿ ಆಗಲಿ, ವೋಲ್ಟೇಜ್ ರಿಲೇ ಆಗಲಿ ಅದನ್ನು ತಡೆಯಲಾರವು, ಏಕೆಂದರೆ ಅರ್ಥ್ ವೈರನ್ನು ಅವು ಕಡಿಯುವುದೇ ಇಲ್ಲ. ಕಂಡುಹಿಡಿಯುವ ಉಪಾಯ ಆ ಕೆಟಲ್ಲಿನಲ್ಲೇ ಇದೆ. ಕೆಟಲ್ ಓಡುತ್ತಿರುವಾಗ ನ್ಯೂಟ್ರಲ್-ಅರ್ಥ್ ನಡುವೆ ಅಳೆಯಿರಿ. ಅರ್ಥ್ ಬೇರೆಯಾಗಿ ಸರಿಯಾಗಿದ್ದರೆ ಒಂದೆರಡು ಮೂರು ವೋಲ್ಟ್ ಕಾಣಲೇಬೇಕು. ಅಷ್ಟು ಲೋಡಿನಲ್ಲೂ ಸೊನ್ನೆ ಕಂಡರೆ ಹಿಂದೆ ತುಂಡು ವೈರು ಇದೆ ಎಂದೇ ಅನುಮಾನಿಸಿ. ಹತ್ತಾರು ವೋಲ್ಟ್ ಕಂಡರೆ ಅರ್ಥ್ ಎಲ್ಲೂ ಸೇರಿಲ್ಲ ಎಂದು ಅರ್ಥ. ಫೇಸಿಗೂ ಅರ್ಥಿಗೂ ನಡುವೆ 100 ವ್ಯಾಟಿನ ಬಲ್ಬು ಉರಿಸಿ ನೋಡುವ ಪದ್ಧತಿಯನ್ನು ಮಾತ್ರ ನೀವು ಮಾಡಬೇಡಿ. ಅರ್ಥ್ ಕೆಟ್ಟಿದ್ದರೆ ಆ ಹೊತ್ತಿಗೆ ಮನೆಯ ಗೀಸರು, ಪಂಪಿನ ಬಾಡಿಗೆಲ್ಲ ಕರೆಂಟು ಏರುತ್ತದೆ.

ಹೀಗೆ ಅನುಮಾನ ಬಂದಲ್ಲಿ ನಿಮ್ಮ ಸ್ವಂತ ರಾಡು ಕೆಲಸಕ್ಕೆ ಬರುತ್ತದೆ, ಒಂದು ಷರತ್ತಿನ ಮೇಲೆ. 1.2 ಮೀಟರಿನ ರಾಡನ್ನು ಒಣ ಮರಳಿಗೋ ಬೇಸಿಗೆಯ ಚಿರೆಕಲ್ಲಿನ ನೆಲಕ್ಕೋ ಇಳಿಸಿದರೆ ಅದರ ರೆಸಿಸ್ಟೆನ್ಸ್ ನೂರಾರು ಓಮ್ ಇರುತ್ತದೆ, 700 ಬಂದರೂ ಆಶ್ಚರ್ಯವಿಲ್ಲ. ಅದರ ಮೂಲಕ 230 ವೋಲ್ಟಿಗೆ ಹರಿಯುವುದು ಅರ್ಧ ಆಂಪಿಯರಿಗಿಂತ ಕಡಿಮೆ. ಅಷ್ಟಕ್ಕೆ ಯಾವ ಎಂಸಿಬಿಯೂ ಬೀಳುವುದಿಲ್ಲ, ಬಾಡಿಯಲ್ಲಿ ಕರೆಂಟು ಹಾಗೆಯೇ ಉಳಿಯುತ್ತದೆ. ಆದರೆ 30 ಮಿಲಿಆಂಪಿಯರಿನ ಆರ್‌ಸಿಸಿಬಿಗೆ ಅದು ಬೇಕಾದ್ದಕ್ಕಿಂತ ಹತ್ತು ಪಟ್ಟು. ತಕ್ಷಣ ಬೀಳುತ್ತದೆ. ಅಂದರೆ ಆರ್‌ಸಿಸಿಬಿ ಇದ್ದರೆ ಸಾಧಾರಣ ರಾಡೂ ಕಾಯುತ್ತದೆ, ಇಲ್ಲದಿದ್ದರೆ ಒಳ್ಳೆಯ ರಾಡೂ ಕಾಯುವುದಿಲ್ಲ. ಸ್ವಂತ ರಾಡು ಬಳಸುವಾಗ ಹೋಂಸ್ಟೇ ಸಾಕೆಟ್ಟಿನ ಅರ್ಥ್ ಗಾಡಿಗೆ ಸೇರಬಾರದು. ಅದಕ್ಕಾಗಿ ಅರ್ಥ್ ಕೋರು ಬಿಟ್ಟಿರುವ ಬೇರೆ ತುಂಡು ಕೇಬಲ್ಲು ಮಾಡಿಸಿ, ಮೇಲೆ ದೊಡ್ಡದಾಗಿ ಬರೆದಿಡಿ. ಪೋರ್ಟಬಲ್ ಆರ್‌ಸಿಸಿಬಿ ಆಗ ಪ್ಲಗ್ಗಿನ ತುದಿಯಲ್ಲಿ ಇರಲೇಬೇಕು. ರಾಡಿಗೆ ಹಸಿರು 4 ಚದರ ಮಿಲಿಮೀಟರಿನ ವೈರು, ಗಟ್ಟಿ ಕ್ಲಾಂಪು. ಸಾಧ್ಯವಿದ್ದರೆ ಗಿಡಕ್ಕೆ ನೀರು ಹಾಯುವ, ಸದಾ ತೇವವಿರುವ ಜಾಗಕ್ಕೆ ಇಳಿಸಿ, ಆದರೆ ಅಡಿಯಲ್ಲಿ ಕೇಬಲ್ಲು ಪೈಪು ಹೋಗಿಲ್ಲ ಎಂದು ಕೇಳಿಕೊಂಡೇ. ಈ ಕೆಲಸವನ್ನು ಮೊದಲ ಸಲ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಎದುರಲ್ಲಿ ಮಾಡಿ.

ಅಮೆರಿಕದ ಪ್ರೊಟೆಕ್ಟರ್ ತರಿಸಬೇಡಿ. ಅಲ್ಲಿನ ಕ್ಯಾಂಪ್‌ಗ್ರೌಂಡ್ ಕಂಬಗಳಲ್ಲಿ 30 ಆಂಪಿಯರಿನದು 120 ವೋಲ್ಟ್, 50 ಆಂಪಿಯರಿನದು ಎರಡು 120ರ ಎಳೆಗಳು. ಆ ಸಾಧನಗಳು ಅದಕ್ಕೆಂದೇ ಮಾಡಿದವು. 230 ಕಂಡರೆ ಒಂದೋ ಬಾಗಿಲು ಮುಚ್ಚಿ ಕೂರುತ್ತವೆ, ಇಲ್ಲವೇ ಸುಡುತ್ತವೆ. ಆದರೆ ಅಲ್ಲಿಯವರ ಅನುಭವದಿಂದ ಕಲಿಯಬಹುದಾದದ್ದು ಇದೆ. ಅಲ್ಲೂ 50 ಆಂಪಿಯರಿನ ಕಂಬದಲ್ಲಿ ನ್ಯೂಟ್ರಲ್ ಬಿಡುವುದೇ ದೊಡ್ಡ ಭಯ, ಬಲ್ಲವರು ಬರಿಯ ಸರ್ಜ್ ಪ್ರೊಟೆಕ್ಟರ್ ಬಿಟ್ಟು ವೋಲ್ಟೇಜ್ ನೋಡಿ ಕಡಿಯುವ ಸಾಧನವನ್ನೇ ಹಾಕಿಸುತ್ತಾರೆ. ಗಾಡಿಯ ಹೊರಗಿನ ಇನ್ಲೆಟ್ಟಿಗೆ ಯುರೋಪಿನ ಕ್ಯಾಂಪಿಂಗ್ ಪದ್ಧತಿ ಒಳ್ಳೆಯದು: ನೀಲಿ ಬಣ್ಣದ 16 ಆಂಪಿಯರಿನ ಇಂಡಸ್ಟ್ರಿಯಲ್ ಪ್ಲಗ್ಗು, ಮುಚ್ಚಳವಿರುವಂಥದ್ದು. ನಮ್ಮಲ್ಲೂ ಸಿಗುತ್ತದೆ, ಮಳೆಗೂ ಉಪ್ಪಿಗೂ ತಡೆಯುತ್ತದೆ.

ಸ್ಟೆಬಿಲೈಸರು ಬೇರೆ ರೋಗದ ಔಷಧ. ಕಡಿಮೆ ವೋಲ್ಟೇಜಿಗೆ ಅದು ಸರಿ. ಘಟ್ಟದ ಮೇಲೆ, ನಿಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಒಂಟಿ ಮನೆಗಳಿಗೆ ಉದ್ದುದ್ದ ಲೈನು ಹೋಗಿರುತ್ತದೆ, ತೋಟದ ಪಂಪು ಓಡುವ ಹೊತ್ತಿಗೆ ವೋಲ್ಟೇಜು ಬಿದ್ದುಹೋಗುತ್ತದೆ. ಅಲ್ಲಿ ಎಸಿ ಹಾಕಲೇಬೇಕೆಂದರೆ ಬೇಕು. ಆದರೆ ಆ ತೂಕ ಹೊತ್ತು ತಿರುಗುವುದಕ್ಕಿಂತ ಘಟ್ಟದ ಮೇಲಿನ ತಂಪಿನಲ್ಲಿ ಎಸಿ ಬಿಟ್ಟು, ಚಾರ್ಜರಿಗಷ್ಟೇ ಕರೆಂಟು ಕೊಡುವುದು ಜಾಣತನ. ಒಳ್ಳೆಯ ಚಾರ್ಜರುಗಳು 180ರಲ್ಲೂ ನಡೆಯುತ್ತವೆ. ಹೋಂಸ್ಟೇ ಜನರೇಟರ್ ಶುರುವಾದಾಗಲೂ ರಿಲೇಯ ಮೂರು ನಿಮಿಷದ ವಿಳಂಬವೇ ನಿಮ್ಮನ್ನು ಕಾಯುತ್ತದೆ.

ಸಿಡಿಲಿನ ಮಾತು ಪೂರ್ತಿ ಬಿಡುವಂತಿಲ್ಲ. ನಮ್ಮ ಜಿಲ್ಲೆಯಲ್ಲಿ ಅದರ ಕಾಲ ಆಷಾಢದ ಜಡಿಮಳೆಯಲ್ಲ. ಏಪ್ರಿಲ್ ಕೊನೆಯಿಂದ ಮೇವರೆಗಿನ ಭರಣಿ, ಕೃತ್ತಿಕೆ, ಮತ್ತೆ ಅಕ್ಟೋಬರಿನ ಚಿತ್ತೆ, ಸ್ವಾತಿ. ಮಧ್ಯಾಹ್ನ ದಾಟಿದ ಮೇಲೆ ಘಟ್ಟದ ನೆತ್ತಿಯಲ್ಲಿ ಮೋಡ ಕಟ್ಟಿ ಸಂಜೆಗೆ ಕಡಲ ಕಡೆ ಇಳಿಯುತ್ತದೆ. ದಂಡೆಯಲ್ಲಿ ಕೂತು ಪಶ್ಚಿಮಕ್ಕೆ ಸೂರ್ಯಾಸ್ತ ನೋಡುವವರಿಗೆ ಬೆನ್ನ ಹಿಂದಿನದು ಕಾಣುವುದಿಲ್ಲ, ಮೂಡಣ ದಿಕ್ಕಿಗೂ ಕಣ್ಣಿರಲಿ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ಮಾಡಿರುವ ದಾಮಿನಿ, ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸಿಡಿಲು, ಎರಡೂ ಆ್ಯಪ್ ಫೋನಿನಲ್ಲಿರಲಿ. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಕಿಲೋಮೀಟರ್. ಮೊದಲ ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್ಗನ್ನು ಎರಡೂ ತುದಿಯಿಂದ ಕಿತ್ತು ಕೇಬಲ್ಲನ್ನು ಗಾಡಿಯಿಂದ ದೂರ ಸರಿಸಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಮೋಡದಿಂದ ನೆಲಕ್ಕೆ ಹಾರಬಲ್ಲ ಸಿಡಿಲಿಗೆ ಸ್ವಿಚ್ಚಿನೊಳಗಿನ ಕೆಲವೇ ಮಿಲಿಮೀಟರು ಅಂತರ ಲೆಕ್ಕಕ್ಕಿಲ್ಲ. ಮೋಡ ತಲೆಯ ಮೇಲೆ ಬಂದಾಗಿದ್ದರೆ ಕೀಳಲು ಹೊರಗೆ ಹೋಗಬೇಡಿ, ಸಾಮಾನು ಹೋದರೆ ಹೋಗಲಿ. ಬಾಗಿಲು ಕಿಟಕಿ ಮುಚ್ಚಿ ಒಳಗಿರಿ, ಲೋಹದ ಬಾಡಿ ನಿಮ್ಮನ್ನು ಕಾಯುತ್ತದೆ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಳೆಯದೆ ಮತ್ತೆ ಪ್ಲಗ್ ಹಾಕಬೇಡಿ. ತೆಂಗಿನ ಮರದ ಬುಡದಲ್ಲಿ ಗಾಡಿ ನಿಲ್ಲಿಸುವುದಂತೂ ಬೇಡವೇ ಬೇಡ.

ಉಳಿದ ಸಾಮಾನುಗಳ ಪ್ರಶ್ನೆ. ಆ ಹೊತ್ತಿನಲ್ಲಿ ಹೊರಗಿನ ಕರೆಂಟಿಗೆ ಸೇರಿದ್ದೆಲ್ಲವೂ ಪರೀಕ್ಷೆಯಾಗಬೇಕು, ಈಗ ಸರಿಯಾಗಿ ನಡೆಯುತ್ತಿದ್ದರೂ. ಚಾರ್ಜರು, ಅಡಾಪ್ಟರುಗಳ ಒಳಗೆ ಕರೆಂಟು ಮೊದಲು ಡಿಸಿಯಾಗಿ ಒಂದು ದೊಡ್ಡ ಕೆಪಾಸಿಟರಿನಲ್ಲಿ ತುಂಬುತ್ತದೆ. 230 ವೋಲ್ಟಿಗೆ ಅಲ್ಲಿ 325 ಇರುತ್ತದೆ. ಕೆಪಾಸಿಟರಿನ ಮಿತಿ 400 ಅಥವಾ 450. ನಿಮ್ಮ ಆ 360ಕ್ಕೆ ಅಲ್ಲಿ 509 ಆಗುತ್ತದೆ. ನೀವು ಕೇಳಿದ ಟಪ್ ಸದ್ದು ಬಹುತೇಕ ಅದರದೇ. ಸಾಯದೆ ಉಳಿದ ಕೆಪಾಸಿಟರುಗಳು ಒಳಗೇ ಪೆಟ್ಟು ತಿಂದಿರುತ್ತವೆ, ವಾರಗಳ ಮೇಲೆ ರಾತ್ರಿ ಮಲಗಿದ್ದಾಗ ಹೋಗಬಹುದು. ಸಿಲಿಂಡರಿನಂಥ ಆ ಡಬ್ಬಿಯ ನೆತ್ತಿ ಚಪ್ಪಟೆಯಿರಬೇಕು; ಉಬ್ಬಿದ್ದರೆ, ಬುಡದಲ್ಲಿ ಕಂದು ಅಂಟು ಕಂಡರೆ ಬದಲಿಸಬೇಕು. ಬಿಚ್ಚುವ ಕೆಲಸ ಮೆಕ್ಯಾನಿಕ್‌ಗೇ ಬಿಡಿ, ಕರೆಂಟು ತೆಗೆದ ಮೇಲೂ ಅದರಲ್ಲಿ ಚಾರ್ಜು ಉಳಿದಿರುತ್ತದೆ. ಎಸಿಯ ಕಂಟ್ರೋಲ್ ಬೋರ್ಡನ್ನೂ ನೋಡಿಸಿ. ಬ್ಯಾಟರಿಯ ಬಗ್ಗೆ ಚಿಂತೆ ಕಡಿಮೆ, ನಡುವೆ ಚಾರ್ಜರು ಸತ್ತು ಅದನ್ನು ಉಳಿಸಿರುತ್ತದೆ. ಆದರೂ ಬಿಎಂಎಸ್ (ಬ್ಯಾಟರಿಯ ಸೆಲ್ಲುಗಳನ್ನು ಕಾಯುವ ಸರ್ಕ್ಯೂಟ್) ಆ್ಯಪಿನಲ್ಲಿ ನಾಲ್ಕೂ ಸೆಲ್ಲುಗಳ ವೋಲ್ಟೇಜು ಒಂದೇ ಮಟ್ಟದಲ್ಲಿದೆಯೇ ನೋಡಿಕೊಳ್ಳಿ. ರಿಪೇರಿಯಾಗಿ ಬಂದ ಚಾರ್ಜರನ್ನು ಮೊದಲ ಸಲ ನೇರ ಪ್ಲಗ್ಗಿಗೆ ಹಾಕದೆ, 100 ವ್ಯಾಟಿನ ತಂತಿ ಬಲ್ಬಿನ ಸೀರೀಸ್ ಲ್ಯಾಂಪಿನ ಮೂಲಕ ಹಾಕಿಸಿ. ಬಲ್ಬು ಒಮ್ಮೆ ಮಿನುಗಿ ಆರಿದರೆ ಸರಿ. ಪೂರ್ತಿ ಉರಿದೇ ನಿಂತರೆ ಒಳಗೆ ಶಾರ್ಟ್ ಇನ್ನೂ ಇದೆ, ವಾಪಸ್ ಕೊಡಿ.